ಸುಮೋ ಸ್ಟಾರ್ಟ್ ಆಗದ ಬೆಳಗು

"ತಳ್ರೀ... ಇನ್ನೊಂಚೂರು. ಆ ಏರು ದಾಟಿದ್ರೆ ಮುಗೀತು."

ಸ್ಟೇರಿಂಗ್ ಹಿಡಿದು ಕೂತಿದ್ದ ಸುಮಿತ್ರಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದಳು. ಅವಳ ಹಳೆಯ ಸುಮೋ ಗಾಡಿಯನ್ನು ಹಿಂದಿನಿಂದ ಏಳೆಂಟು ಹೆಂಗಸರು ಸೆರಗು ಬಿಗಿದು ತಳ್ಳುತ್ತಿದ್ದರು. ಎಲ್ಲರೂ ಕಬಿನಿ ಹಿನ್ನೀರಿನ ದಡದ ರೆಸಾರ್ಟೊಂದರಲ್ಲಿ ಅಡುಗೆಮನೆ, ರೂಮಿನ ಕೆಲಸ ಮಾಡುವವರು. ಅವರನ್ನು ದಿನಾ ಬೆಳಿಗ್ಗೆ ಕಾಡಂಚಿನ ಆದಿವಾಸಿ ಹಾಡಿಗಳಿಂದ ಹತ್ತಿಸಿಕೊಂಡು ಹೋಗಿ ಬಿಡುವುದು, ಸಂಜೆ ವಾಪಸ್ ಕರೆತರುವುದು ಸುಮಿತ್ರಾಳ ಕೆಲಸ. ಈಗ ನೋಡಿದರೆ ಅವರೇ ಇವಳನ್ನು ರೆಸಾರ್ಟಿಗೆ ಮುಟ್ಟಿಸುವ ಗತಿ ಬಂದಿತ್ತು.

ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಕುಳ್ಳಮ್ಮಕ್ಕ, ನಿನ್ನಿಂದಾನೇ ಕಣಕ್ಕ ಇದು. ನೀನು ಹೊತ್ತಿಗ್ ಸರಿಯಾಗಿ ಬಂದಿದ್ರೆ ನಾನು ಗಾಡಿ ಆಫ್ ಮಾಡ್ತಾನೇ ಇರ್ಲಿಲ್ಲ."

"ನನ್ನ ಯಾಕವ್ವ ಬೈತೀಯ? ಆಫ್ ಮಾಡಿದ್ ಗಾಡಿ ಸ್ಟಾರ್ಟ್ ಆಗ್ಬೇಕು. ಅಷ್ಟೂ ಆಗ್ದಿದ್ರೆ ಅದೆಂತಾ ಗಾಡಿ?" ಅಡುಗೆಮನೆಯ ಕುಳ್ಳಮ್ಮ ಸೊಂಟ ಹಿಡಿದುಕೊಂಡು ನಿಂತಳು.

ಅಷ್ಟರಲ್ಲಿ ಎದುರಿನಿಂದ ಬಂದ ಬೈಕೊಂದು ನಿಂತಿತು. ಇಳಿದವನು ಸುಮಾರು ಇಪ್ಪತ್ತೇಳರ ಯುವಕ. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು, ಬೆರಳುಗಳಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಅವನು ಕೈಕಟ್ಟಿಕೊಂಡು ಗಾಡಿಯನ್ನೇ ನೋಡುತ್ತಾ ನಿಂತ.

ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು ನಮ್ಮ ಸುಮಿತ್ರಾ. "ನೋಡ್ತಾ ನಿಂತ್ಕೊಳ್ಳೋಕೆ ಇಲ್ಲೇನು ಬೊಂಬೆ ಆಟ ನಡೀತಾ ಇದ್ಯಾ? ಗಂಡಸು ತಾನೆ, ಕೈ ಹಾಕ್ರಿ."

"ತಳ್ಳಿದ್ರೆ ಇವತ್ತು ಓಡ್ತದೆ. ನಾಳೆಗೇನ್ ಮಾಡ್ತೀರ?"

"ನಾಳೆದು ನಾಳೆ. ನೀವು ತಳ್ರಿ ಮೊದ್ಲು."

"ಬಾನೆಟ್ ಎತ್ತಿ," ಎಂದನವನು, ಅವಳು ಏನೂ ಹೇಳೇ ಇಲ್ಲವೇನೋ ಎಂಬಂತೆ.

ಸುಮಿತ್ರಾಳಿಗೆ ಮೈಯೆಲ್ಲ ಉರಿಯಿತು. ಆದರೂ ಅವನ ದನಿಯಲ್ಲಿ ಏನಿತ್ತೋ, ಕೈ ತಾನಾಗಿ ಬಾನೆಟ್ಟಿನ ಹಿಡಿ ಎಳೆಯಿತು. ಅವನು ಬಗ್ಗಿ ಎಂಜಿನ್ನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಬಟ್ಟೆ ಒಣಗಿಸುವ ಹಗ್ಗದಂತೆ ಜೋಲಿ ಹೊಡೆಯಿತು.

"ನೋಡಿ. ಈ ಬೆಲ್ಟು ತಿರುಗಿದ್ರೆ ಡೈನಮೋ ತಿರುಗ್ತದೆ, ಡೈನಮೋ ತಿರುಗಿದ್ರೆ ಬ್ಯಾಟ್ರಿ ತುಂಬ್ತದೆ. ಇದು ಸಡಿಲ ಆಗಿ ಜಾರ್ತಾ ಅದೆ. ಗಾಡಿ ದಿನಾ ಓಡ್ತಾ ಇದ್ರೂ ಬ್ಯಾಟ್ರಿಗೆ ಉಪವಾಸ."

ಬೈಕಿನ ಡಬ್ಬಿಯಿಂದ ಸ್ಪ್ಯಾನರ್ ತಂದು ಬೆಲ್ಟು ಬಿಗಿ ಮಾಡಿದ. ಬ್ಯಾಟರಿ ತಲೆಯ ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಕೆರೆದು ತೆಗೆದ. ಆಮೇಲೆ ಅವನೂ ಹೆಂಗಸರ ಜೊತೆ ಸೇರಿ ತಳ್ಳಿದ. ಸುಮೋ ಹೊಗೆ ಉಗುಳಿ ಎದ್ದಿತು.

ಕನ್ನಡಿಯಲ್ಲಿ ಅವನ ಮುಖ ಕಂಡಿತು. ಹೊಗೆಯೆಲ್ಲ ಅವನ ಮೇಲೇ ಹೋಗಿತ್ತು. ಕೆಮ್ಮುತ್ತಾ ನಗುತ್ತಿದ್ದ. ಸುಮಿತ್ರಾ ಥ್ಯಾಂಕ್ಸ್ ಹೇಳಬೇಕೆಂದುಕೊಂಡಳು. ಬಾಯಲ್ಲಿ ಬಂದದ್ದು ಬೇರೆ.

"ಅಂಗಡಿ ಎಲ್ಲಿ?"

"ಕೋಟೆ ಬಸ್ ಸ್ಟ್ಯಾಂಡ್ ಹಿಂದೆ, ಸರ್ದಾರ್ ಪಾಷಾ ಆಟೋ ಎಲೆಕ್ಟ್ರಿಕಲ್. ಸಿದ್ದ ಅಂತ ಕೇಳಿ."

'ಯಾಕೆ ಕೇಳ್ಲಿ ನಾನು?' ಎಂದುಕೊಂಡಳು. ಆದರೆ ರೆಸಾರ್ಟ್ ಮುಟ್ಟುವವರೆಗೂ ಆ ಹೆಸರು ಬಾಯಲ್ಲೇ ಇತ್ತು.

ಗೇಟಿನಲ್ಲಿ ಸೂಪರ್‌ವೈಸರ್ ಲಿಂಗರಾಜು ಗಡಿಯಾರ ನೋಡುತ್ತಾ ನಿಂತಿದ್ದ.

"ಸುಮಿತ್ರಾ, ಗೆಸ್ಟ್‌ಗಳು ಸಫಾರಿಗೆ ಹೊರಡೋ ಹೊತ್ತಿಗೆ ಕಾಫಿ ಇಲ್ಲ ಅಂದ್ರೆ ನನ್ನ ಕೆಲ್ಸ ಹೋಯ್ತದೆ. ಶಶಿಕುಮಾರ್ ಹೊಸ ಗಾಡಿ ತಗೊಂಡು ಟ್ರಿಪ್ಪಿಗೆ ಕಾಯ್ತಾ ಅವ್ನೆ. ಹಿಂಗೇ ಆದ್ರೆ ಅವನಿಗೆ ಕೊಟ್ಬುಡ್ತೀನಿ. ನೀನು ಬೇಕಾದ್ರೆ ಮತ್ತೆ ಹೌಸ್‌ಕೀಪಿಂಗ್‌ಗೆ ಬಾ."

ಮತ್ತೆ ಹೌಸ್‌ಕೀಪಿಂಗ್! ಇದೇ ರೆಸಾರ್ಟಿನಲ್ಲಿ ಅವಳು ಕಂಡವರ ಹಾಸಿಗೆ ಮಡಚಿದವಳು. ರಜೆ ದಿನಗಳಲ್ಲಿ ಡ್ರೈವಿಂಗ್ ಕಲಿತು, ಯಾರೂ ಕೇಳದೆ ಬಿದ್ದಿದ್ದ ಈ ಸುಮೋವನ್ನು ಕೊಂಡು, ಹಾಡಿಯಲ್ಲಿ ಗಾಡಿ ಇರುವ ಮೊದಲ ಹುಡುಗಿ ಎನಿಸಿಕೊಂಡಿದ್ದಳು. ಈ ಟ್ರಿಪ್ಪು ಹೋದರೆ ಗಾಡಿಯೂ ಹೋಗುತ್ತದೆ, ತಲೆಯೆತ್ತಿ ನಡೆದ ಈ ಎರಡು ವರ್ಷವೂ ಹೋಗುತ್ತದೆ.

ಬೆಲ್ಟು ಬಿಗಿ ಮಾಡಿದ ಮೇಲೆ ಒಂದು ವಾರ ಸುಮೋ ಮುದ್ದಿನ ಕರುವಿನ ಹಾಗೆ ಹೇಳಿದ ಮಾತು ಕೇಳಿತು. ಆಮೇಲೆ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಎಂದಿತು ಅಷ್ಟೆ.

ಅವತ್ತೇ ಮಧ್ಯಾಹ್ನ ಸುಮಿತ್ರಾ ಕೋಟೆ ಪೇಟೆಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು.

"ಏನ್ ರಿಪೇರಿ ಮಾಡಿದ್ರಿ ನೀವು?"

ಸಿದ್ದ ಮೀಟರು ಹಿಡಿದು ಬಂದ. ಎಂಜಿನ್ ಓಡುವಾಗ ನೋಡಿದ, ನಿಲ್ಲಿಸಿ ನೋಡಿದ, ಹೆಡ್‌ಲೈಟ್ ಹಾಕಿ ನೋಡಿದ. ಡೈನಮೋ ಬಿಚ್ಚಿ ಒಳಗಿನ ಸವೆದ ಕಾರ್ಬನ್ ತೆಗೆದು ಹೊಸದು ಹಾಕಿದ. ಅವಳು ಮರದ ಬೆಂಚಿನಲ್ಲಿ ಕೂತು ಅವನ ಕೈಗಳನ್ನೇ ನೋಡುತ್ತಿದ್ದಳು. ಅವಸರವೇ ಇಲ್ಲದ ಕೈಗಳು. ಒಂದೊಂದು ಸ್ಕ್ರೂ ಬಿಚ್ಚಿದಾಗಲೂ ಅದನ್ನು ಕಳೆಯದಂತೆ ಬಟ್ಟಲಲ್ಲಿ ಇಡುತ್ತಿದ್ದ.

"ಟೀ ಕುಡೀರಿ," ಎಂದ, ತಲೆಯೆತ್ತದೆ.

"ಬೇಡ."

"ಕೋಪಕ್ಕೂ ಟೀಗೂ ಏನ್ರೀ ಸಂಬಂಧ?"

ನಗಬಾರದೆಂದು ತುಟಿ ಕಚ್ಚಿಕೊಂಡಳು. ನಗು ಬಂದೇಬಿಟ್ಟಿತು. ಒಳಗಿನಿಂದ ಉಸ್ತಾದ್ ಸರ್ದಾರ್ ಪಾಷಾ ಕನ್ನಡಕದ ಮೇಲಿನಿಂದ ಇಬ್ಬರನ್ನೂ ಒಮ್ಮೆ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ಬಗ್ಗಿದರು.

ನಾಲ್ಕು ದಿನ ಚೆನ್ನಾಗಿತ್ತು. ಐದನೆಯ ದಿನ ಮತ್ತೆ 'ಟಕ್'.

ಮತ್ತೆ ಅಂಗಡಿ. ಈ ಸಲ ಅರ್ಥ್ ವೈರು ಬದಲಾಯಿತು. ಮತ್ತೆ ಟೀ, ಮತ್ತೆ ಮಾತು. ಅವನೂ ಹಾಡಿಯವನೇ, ಪಿರಿಯಾಪಟ್ಟಣದ ಕಡೆಯವನು. ಚಿಕ್ಕವನಿದ್ದಾಗಲೇ ಕೆಲಸ ಕಲಿಯಲು ಕೋಟೆಗೆ ಬಂದು ಉಸ್ತಾದರ ಕೈಗೆ ಬಿದ್ದವನು. ಇದೆಲ್ಲ ತಿಳಿದಾಗ ಅವಳಿಗೆ ಸುಮ್ಮಸುಮ್ಮನೆ ಸಂತೋಷವಾಯಿತು. ಎರಡು ದಿನ ಬಿಟ್ಟು ಮತ್ತೆ 'ಟಕ್' ಎಂದಾಗ ಮಾತ್ರ ಆ ಸಂತೋಷಕ್ಕೆ ಬೆಂಕಿ ಬಿತ್ತು.

ಅಂದು ಲಿಂಗರಾಜು ಕಡೆಯ ಮಾತು ಹೇಳಿದ್ದ. "ಇನ್ನೊಂದ್ ಸಲ ಲೇಟಾದ್ರೆ ಟ್ರಿಪ್ಪು ಶಶಿಕುಮಾರಂದು."

"ಭಾನುವಾರ ನಿಮ್ಮನೆ ಹತ್ರಾನೇ ಬಂದು ನೋಡ್ತೀನಿ," ಎಂದ ಸಿದ್ದ, ಹಣೆ ಉಜ್ಜಿಕೊಳ್ಳುತ್ತಾ. "ಸಾಯಂಕಾಲ ಬ್ಯಾಟ್ರಿ ತುಂಬಿರ್ತದೆ, ಬೆಳಿಗ್ಗೆ ಬರಿದಾಗಿರ್ತದೆ. ಗಾಡಿ ನಿಂತಿರೋ ಜಾಗದಲ್ಲೇ ಏನೋ ಆಗ್ತಾ ಅದೆ."

ಭಾನುವಾರ ಅವನು ಬಂದ. ಹಾಡಿಯ ಕೊನೆಯ ಮನೆ ಇವರದು. ದಾರಿ ಅಲ್ಲಿಗೇ ಮುಗಿಯುತ್ತದೆ, ಅದರಾಚೆ ಅವರ ರಾಗಿ ಹೊಲ, ಹೊಲದಾಚೆ ಆನೆ ಕಂದಕ, ಕಾಡು. ಅಪ್ಪ ಕೊಡಗಿನ ಎಸ್ಟೇಟಿನಲ್ಲಿ ಕೂಲಿಗೆ ಇದ್ದ. ಮನೆಯಲ್ಲಿ ಇದ್ದದ್ದು ಸುಮಿತ್ರಾ ಮತ್ತು ಅವಳ ಅವ್ವ ಸಣ್ಣಿ.

ಸುಮಿತ್ರಾ ಕಾಫಿ ಕಾಯಿಸಲು ಒಳಗೆ ಹೋದಳು. ಬೇಕೆಂದೇ ಒಳ್ಳೆಯ ಲೋಟ ಹುಡುಕಿದಳು, ಕೂದಲು ಸರಿಮಾಡಿಕೊಂಡಳು. ಲೋಟ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಬಾನೆಟ್ಟಿನ ಪಕ್ಕದಲ್ಲಿ ಅವ್ವ ಸಿದ್ದನ ಕೈ ಹಿಡಿದುಕೊಂಡು ಏನೋ ಬೇಡಿಕೊಳ್ಳುತ್ತಿದ್ದಳು. ಅವನು ತಲೆ ಅಲ್ಲಾಡಿಸುತ್ತಿದ್ದ. ಕೊನೆಗೆ ಅವ್ವ ಅವನ ಕೈಯನ್ನು ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. ಆಣೆ! ಸಿದ್ದ ಕಣ್ಣು ಮುಚ್ಚಿ ಏನೋ ಹೇಳಿದ.

ಸುಮಿತ್ರಾ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. 'ಅವ್ವ ನನ್ ವಿಷ್ಯ ಕೇಳಿದ್ಲಾ? ನನ್ ಮಗಳ ಕೈ ಬಿಡಲ್ಲ ಅಂತ ಆಣೆ ಹಾಕಿಸ್ಕೊಂಡ್ಲಾ?' ಮದುವೆಯ ಮಾತನ್ನಲ್ಲದೆ ಇನ್ನೇನನ್ನು ಒಬ್ಬ ತಾಯಿ ಹಾಗೆ ಕೇಳುತ್ತಾಳೆ? ನೀವೇ ಹೇಳಿ, ಆ ಜಾಗದಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು.

ಅವಳು ಕಾಫಿ ತಂದು ಕೊಟ್ಟಳು. ಅವನು ಅವಳ ಮುಖ ನೋಡಲಿಲ್ಲ. ಗಟಗಟ ಕುಡಿದು, ಲೋಟ ಕೆಳಗಿಟ್ಟು, "ಡೈನಮೋ ವೀಕ್ ಇರ್ಬೋದು... ನೋಡಾಣ," ಎಂದು ಗೊಣಗಿ ಬೈಕ್ ಹತ್ತಿದ.

ನಾಚಿಕೆ ಇರಬೇಕು ಎಂದುಕೊಂಡಳು ಹುಚ್ಚು ಹುಡುಗಿ.

ಮಾರನೆಯ ದಿನ ರೆಸಾರ್ಟಿನ ಟ್ರಿಪ್ ಮುಗಿಸಿ ಅಂಗಡಿಗೆ ಹೋದಳು. ಅವನು ನಗಲಿಲ್ಲ, ಟೀ ತರಿಸಲಿಲ್ಲ. ಮೀಟರು ಇಟ್ಟ ಶಾಸ್ತ್ರ ಮಾಡಿ, "ಹಳೇ ಗಾಡಿ, ಹಿಂಗೇ," ಎಂದ.

"ಹಳೇ ಗಾಡಿ ಅಂತ ಇವತ್ತು ಗೊತ್ತಾಯ್ತಾ ನಿಮ್ಗೆ?"

"ದಿನಾ ಬೆಳಿಗ್ಗೆ ನಾನೇ ಬಂದು ಸ್ಟಾರ್ಟ್ ಮಾಡ್ಕೊಡ್ತೀನಿ."

"ನನ್ಗೆ ಬೇಕಿರೋದು ರಿಪೇರಿ. ಕಾವಲುಗಾರ ಅಲ್ಲ."

ಅವನು ತಲೆ ತಗ್ಗಿಸಿ ಬಟ್ಟಲಿನ ಸ್ಕ್ರೂಗಳನ್ನು ಎಣಿಸತೊಡಗಿದ. ಅದೇ ಅವಳನ್ನು ಸುಟ್ಟಿತು. ಸುಳ್ಳು ಹೇಳಲು ಬಾರದವನು ಸುಳ್ಳು ಹೇಳುತ್ತಿದ್ದಾನೆ, ಅದಂತೂ ಅವನ ಕಿವಿ ಕೆಂಪಾದದ್ದರಲ್ಲೇ ಕಾಣುತ್ತಿತ್ತು.

"ನಿನ್ನೆ ಅವ್ವ ನಿಮ್ ಕೈಲಿ ಆಣೆ ಹಾಕ್ಸಿದ್ ನಾನು ನೋಡ್ದೆ. ಏನ್ ಕೇಳಿದ್ಲು?"

ಸಿದ್ದನ ಮುಖ ಬಿಳಿಚಿಕೊಂಡಿತು. "ಅದೊಂದ್ ಮಾತ್ರ ಕೇಳ್ಬೇಡಿ. ನಿಮ್ ದಮ್ಮಯ್ಯ."

ಓ... ಹಾಗೋ. ಅವ್ವ ಕೇಳಿದ್ದಾಳೆ, ಇವನಿಗೆ ಇಷ್ಟವಿಲ್ಲ. ಆಣೆಗೆ ಸಿಕ್ಕಿಹಾಕಿಕೊಂಡು ಈಗ ಮುಖ ತಪ್ಪಿಸುತ್ತಿದ್ದಾನೆ. ಅಳು ಬಂದರೆ ಕೋಪ ಮಾಡಿಕೊಳ್ಳುವುದು ಅವಳ ಹುಟ್ಟುಗುಣ.

"ಗಾಡಿ ರಿಪೇರಿ ಮಾಡೋಕೂ ಬರಲ್ಲ, ಇರೋದನ್ನ ಇದ್ದಂಗೆ ಹೇಳೋಕೂ ಬರಲ್ಲ. ಇನ್ಮೇಲೆ ನನ್ಗೆ ಮುಖ ತೋರಿಸ್ಬೇಡಿ."

"ಸುಮಿತ್ರಾ... ಒಂದ್ ನಿಮಿಷ..."

ಅವಳು ನಿಲ್ಲಲಿಲ್ಲ. ಹುಣಸೂರು ರಸ್ತೆಯಲ್ಲಿ ಒಬ್ಬಳೇ ಗಾಡಿ ಓಡಿಸುತ್ತಾ, ಕಣ್ಣು ಒರೆಸಿಕೊಳ್ಳುತ್ತಾ, ಎದುರಿಗೆ ಬಂದ ಪ್ರತಿಯೊಂದು ಲಾರಿಗೂ ಹಾರ್ನ್ ಹೊಡೆದಳು.

ತಮಾಷೆ ನೋಡಿ, ಮಾರನೆಯ ಬೆಳಿಗ್ಗೆ ಸುಮೋ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅದರ ಮಾರನೆಯ ದಿನವೂ. ವಾರ ಕಳೆಯಿತು, ಎರಡು ವಾರ ಕಳೆಯಿತು, ಒಂದು ದಿನವೂ ಹಟ ಮಾಡಲಿಲ್ಲ.

"ನೋಡ್ದಾ?" ಎಂದಳು ಕುಳ್ಳಮ್ಮ. "ಅವನ ಕೈ ಬುಟ್ಟ ಮೇಲೆ ಗಾಡಿ ನೆಟ್ಟಗಾಯ್ತು. ನೀನು ದಿನಾ ಬರ್ಲಿ ಅಂತ ಅವನೇ ಏನೋ ಕಿತಾಪತಿ ಮಾಡಿದ್ದ ಕಣ್ಮಗ."

"ನಾನು ಬರ್ಲಿ ಅಂತ ಅವನಿಗೆಲ್ಲಿ ಇತ್ತಕ್ಕ..." ಎಂದಷ್ಟೇ ಹೇಳಿ ಸುಮಿತ್ರಾ ಗೇರ್ ಬದಲಿಸಿದಳು.

ಗಾಡಿ ಸರಿಹೋಯಿತು, ಲಿಂಗರಾಜು ಗಡಿಯಾರ ನೋಡುವುದನ್ನು ಬಿಟ್ಟ. ಸಂತೋಷಪಡಬೇಕಲ್ಲವೇ ಈ ಹುಡುಗಿ? ಇಲ್ಲ. ಬೆಳಿಗ್ಗೆ ಕೀ ತಿರುಗಿಸಿದಾಗ ಎಂಜಿನ್ ಗುರ್ ಎಂದರೆ ಎದೆಯಲ್ಲಿ ಏನೋ ಕಳೆದುಕೊಂಡಂತೆ ಆಗುತ್ತಿತ್ತು. ಒಂದು ದಿನ ಕೆಟ್ಟರೂ ಸಾಕು, ಕೋಟೆಗೆ ಹೋಗಿ ಜಗಳವಾದರೂ ಆಡಬಹುದಿತ್ತು!

ಆ ಹಾಳು ಆಸೆ ಒಂದು ಬೆಳಗಿನ ಜಾವ ನೆರವೇರಿತು.

ಕೀ ತಿರುಗಿಸಿದಳು. 'ಟಕ್.'

ಮತ್ತೆ ತಿರುಗಿಸಿದಳು. ಅದೂ ಬರಲಿಲ್ಲ.

"ಅಯ್ಯೋ ಶಿವನೇ..." ಸುಮಿತ್ರಾ ಮೊಬೈಲ್ ಬೆಳಕು ಹಾಕಿಕೊಂಡು ಮುಂದಕ್ಕೆ ಬಂದಳು. ಬಾನೆಟ್ ಪೂರ್ತಿ ಮುಚ್ಚಿರಲಿಲ್ಲ. ಸಂದಿಯಿಂದ ಒಂದು ಕೆಂಪು, ಒಂದು ಕಪ್ಪು ವೈರು ಇಳಿದು, ಬೇಲಿ ದಾಟಿ, ರಾಗಿ ಹೊಲದೊಳಗೆ ಹೋಗಿತ್ತು.

ಎತ್ತಿ ನೋಡಿದರೆ, ಬ್ಯಾಟರಿಗೆ ಮೊಸಳೆ ಬಾಯಿಯ ಹಾಗೆ ಎರಡು ಕ್ಲಿಪ್ಪು ಕಚ್ಚಿಕೊಂಡಿದ್ದವು.

ವೈರನ್ನು ಹಿಡಿದು ನಡೆದಳು. ಇಬ್ಬನಿಗೆ ಕಾಲು ಒದ್ದೆಯಾಯಿತು. ವೈರು ಹೊಲದ ನಡುವೆ ಆನೆ ಕಾಯಲು ಕಟ್ಟಿದ್ದ ಅಟ್ಟಣೆಯ ಮೇಲಕ್ಕೆ ಹತ್ತಿತ್ತು. ಅಟ್ಟಣೆಯಲ್ಲಿ ಕಂಬಳಿ ಹೊದ್ದು ಅವ್ವ ಕೂತಲ್ಲೇ ತೂಕಡಿಸುತ್ತಿದ್ದಳು. ಅವಳ ಪಕ್ಕದಲ್ಲಿ ಯಾವುದೋ ಲಾರಿಯಿಂದ ಕಿತ್ತ ಹೆಡ್‌ಲೈಟು, ಕೊನೆಯುಸಿರು ಎಳೆಯುತ್ತಾ ಕೆಂಪಗೆ ಮಿಣಮಿಣ ಎನ್ನುತ್ತಿತ್ತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು!

"ಅವ್ವಾ."

ಸಣ್ಣಿ ಬೆಚ್ಚಿ ಎದ್ದಳು. ಮಗಳನ್ನು ಕಂಡವಳೇ ದೀಪವನ್ನು ಕಂಬಳಿಯೊಳಗೆ ಮುಚ್ಚಿದಳು, ಅಷ್ಟರಿಂದ ಎಲ್ಲ ಮುಚ್ಚಿಹೋಗುತ್ತದೆಯೇನೋ ಎಂಬಂತೆ.

"ಅಟ್ಟಣೆ ಹತ್ತಲ್ಲ ಅಂತ ಮಾತು ಕೊಟ್ಟಿದ್ಯಲ್ಲವ್ವ. ಹೋದ್ ವರ್ಷ ಒಂಟಿಸಲಗ ಈ ಕಂಬಕ್ಕೇ ಮೈ ಉಜ್ಜಿದ್ದು ಮರ್ತೋಯ್ತಾ? ಈ ವರ್ಷ ಬೆಳೆ ಬೇಡ, ಬೀಳು ಬುಡು ಅಂತ ಎಷ್ಟ್ ಬಡ್ಕೊಂಡೆ?"

"ಬೀಳು ಬುಡು ಅಂತೀಯ ನೀನು. ಈ ಹೊಲದ ಹಕ್ಕುಪತ್ರಕ್ಕೆ ನಿಮ್ಮಪ್ಪ ಎಷ್ಟು ಆಫೀಸು ಸುತ್ತಿ ಚಪ್ಪಲಿ ಸವೆಸ್ದ. ಬೀಳು ಬುಟ್ರೆ ನಾಳೆ ಕಾಡು ಒಳಿಕ್ ಬತ್ತದೆ. ಇದು ನಮ್ದು ಅಂತ ಯಾರವ್ವ ಅಂತಾರೆ?"

"ಅದಕ್ಕೆ ನನ್ ಗಾಡಿ ಬ್ಯಾಟ್ರಿನಾ?"

"ಗಾಡಿ ಓಡಿದ್ರೆ ಬ್ಯಾಟ್ರಿ ತಂತಾನೆ ತುಂಬ್ಕತದೆ ಅಂತ ನೀನೇ ಅಂದಿದ್ದೆ. ತುಂಬ್ಕತದಲ್ಲ, ಒಂಚೂರು ತಗಂಡ್ರೆ ಏನಾಯ್ತು ಅನ್ಕಂಡೆ." ಸಣ್ಣಿಯ ದನಿ ಇಳಿಯಿತು. "ಆ ಸಿದ್ದ ಬಂದ್ ಹೇಳೋಗಂಟ ನಂಗೆ ಗೊತ್ತೇ ಇರ್ನಿಲ್ಲ ಕಣವ್ವ, ನಿನ್ ಟ್ರಿಪ್ಪು ಹೋಯ್ತದೆ ಅಂತ."

"ಸಿದ್ದನಿಗೆ ಗೊತ್ತಿತ್ತಾ?"

"ಅವತ್ತು ಭಾನುವಾರ ಬಂದೋನು ಬ್ಯಾಟ್ರಿ ಮ್ಯಾಲಿನ್ ಕ್ಲಿಪ್ಪಿನ್ ಕಚ್ಚು ನೋಡಿ ಕಂಡುಹಿಡುದ್ಬುಟ್ಟ. ಮಗಳಿಗೆ ಹೇಳ್ಬ್ಯಾಡ, ಅಟ್ಟಣೆ ಹತ್ತಿದ್ದು ಗೊತ್ತಾದ್ರೆ ಬೆಳೇನೇ ಕಿತ್ತಾಕ್ತಾಳೆ ಅಂತ ನನ್ ತಲೆ ಮ್ಯಾಲೆ ಆಣೆ ಹಾಕಿಸ್ಕಂಡೆ. ಆವಾಗಿಂದ ಪಾಪ, ಅಂಗಡಿಯಿಂದ ಬ್ಯಾರೆ ಬ್ಯಾಟ್ರಿ ದಿನಾ ಹೊತ್ಕಂಡು ಬತ್ತಿದ್ದ. ಸಾಯಂಕಾಲ ನೀನು ರೆಸಾರ್ಟಿಗ್ ಹೋದಾಗ ತಂದು ಕೊಡ್ತಿದ್ದ, ಬೆಳಿಗ್ಗೆ ನೀನು ಹೋದ್ಮೇಲೆ ತಗಂಡ್ ಹೋಯ್ತಿದ್ದ. ಮೊನ್ನೆಯಿಂದ ಬಂದಿಲ್ಲ. ಅದಕ್ಕೇ ಮತ್ತೆ..."

ಸುಮಿತ್ರಾ ಅಟ್ಟಣೆಯ ಕಂಬ ಹಿಡಿದುಕೊಂಡಳು. ಗಾಡಿ ಸರಿಹೋದ ಆ ಎಲ್ಲ ಬೆಳಗುಗಳೂ ಅವನೇ. ತಾನು ಮುಖ ತೋರಿಸಬೇಡ ಎಂದಿದ್ದಕ್ಕೆ ಮುಖ ತೋರಿಸದೆಯೇ ದಿನಕ್ಕೆರಡು ಸಲ ಬಂದು ಹೋಗಿದ್ದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಳು ಅವಳು. ಒಂದು ಬರೆಯಲ್ಲ, ಸಾಲಾಗಿ ಹಾಕಿದ್ದಳು.

ಅಳಲು ಹೊತ್ತಿರಲಿಲ್ಲ. ಹಾಡಿಯವರನ್ನು ಎಬ್ಬಿಸಿದಳು. ಎಲ್ಲರೂ ಸೇರಿ ಇಳಿಜಾರಿಗೆ ತಳ್ಳಿದರು, ಸುಮೋ ಎದ್ದಿತು. ದಾರಿಯಲ್ಲಿ ಹತ್ತಿದವರಿಗೆಲ್ಲ ಒಂದೇ ಮಾತು: "ಬೇಗ ಹತ್ರಿ, ಆಫ್ ಮಾಡಂಗಿಲ್ಲ." ಅವತ್ತು ಕುಳ್ಳಮ್ಮ ಕೂಡ ಓಡಿ ಬಂದು ಹತ್ತಿದಳು. ಗೇಟು ಮುಟ್ಟಿದಾಗ ಲಿಂಗರಾಜು ಗಡಿಯಾರ ನೋಡಿ, "ಇವತ್ತು ಬಚಾವಾದೆ. ಸಾಯಂಕಾಲ ಕರ್ಕೊಂಡ್ ಹೋಗೋಕೆ ಗಾಡಿ ಇರ್ತದೆ ತಾನೆ? ಇಲ್ದಿದ್ರೆ ಈಗ್ಲೇ ಹೇಳು, ಶಶಿಕುಮಾರ್‌ಗೆ ಫೋನ್ ಮಾಡ್ತೀನಿ," ಎಂದ.

"ಇರ್ತದೆ ಸಾರ್," ಎಂದು ಅವಳು ಗಾಡಿ ತಿರುಗಿಸಿದಳು.

ಕೋಟೆಯ ಅಂಗಡಿಯ ಮುಂದೆ ಎಂಜಿನ್ ಓಡುತ್ತಿರುವಂತೆಯೇ ಕಿಟಕಿಯಿಂದ ಕೇಳಿದಳು. "ಉಸ್ತಾದ್, ಸಿದ್ದ ಎಲ್ಲಿ?"

ಸರ್ದಾರ್ ಪಾಷಾ ಎದ್ದು ಬಂದರು. ಮುಖ ಗಂಟಾಗಿತ್ತು.

"ಕಂಪಲಾಪುರದಲ್ಲಿ, ನನ್ ಭಾಮೈದನ ಅಂಗಡೀಲಿ. ತಂಬಾಕು ಸೀಜನ್ನು, ಅಲ್ಲಿ ಗೂಡ್ಸ್ ಗಾಡಿಗಳ ಕೆಲಸ ಜಾಸ್ತಿ ಅಂತ ನೆಪ ಹೇಳಿ ಹೋದ. ನಾನೇನ್ ಕುರುಡನಾ? ಇರೋದನ್ನ ಅವನು ಹೇಳಲ್ಲ, ನೀನು ಕೇಳಲ್ಲ. ನಿಮ್ಮಿಬ್ರ ಮಧ್ಯೆ ಒಳ್ಳೇ ಕೆಲಸಗಾರನ್ನ ಕಳ್ಕೊಂಡೋನು ನಾನು. ಹೋಗಮ್ಮ, ಕರ್ಕೊಂಡ್ ಬಾ."

ಕೋಟೆಯಿಂದ ಹುಣಸೂರು, ಹುಣಸೂರಿನಿಂದ ಕಂಪಲಾಪುರ. ದಾರಿಯುದ್ದಕ್ಕೂ ಅವಳು ಎಲ್ಲೂ ನಿಲ್ಲಿಸಲಿಲ್ಲ. ಹುಣಸೂರಿನ ಟ್ರಾಫಿಕ್ಕಿನಲ್ಲಿ ಗಾಡಿ ಎಲ್ಲಿ ಬಂದ್ ಬೀಳುತ್ತದೋ ಎಂದು ಆಕ್ಸಿಲರೇಟರಿನಿಂದ ಕಾಲೇ ತೆಗೆಯಲಿಲ್ಲ. ಹಿಂದಿನವರು, ಮುಂದಿನವರು ಎಲ್ಲರೂ ಬೈದರು. 'ಬೈಕೊಳ್ಳಿ, ನನ್ ಕಷ್ಟ ನಂಗೆ.'

ಕಂಪಲಾಪುರದ ಅಂಗಡಿಯ ಮುಂದೆ ತಂಬಾಕಿನ ಬೇಲು ಹೇರಿದ ಗೂಡ್ಸ್ ಗಾಡಿಗಳು ಸಾಲಾಗಿದ್ದವು. ಒಂದರ ಕೆಳಗಿನಿಂದ ಸಿದ್ದ ಹೊರಬಂದ. ಅವಳನ್ನು ಕಂಡು ಸ್ಪ್ಯಾನರ್ ಹಿಡಿದ ಕೈ ಹಾಗೇ ನಿಂತಿತು.

"ಏನಾಯ್ತು ಗಾಡಿಗೆ?"

"ಗಾಡಿಗೆ ಏನೂ ಆಗಿಲ್ಲ. ಆಗಿರೋದು ನನ್ಗೆ."

"ಏನಂದ್ರಿ? ಕೇಳ್ತಾ ಇಲ್ಲ, ಆಫ್ ಮಾಡಿ."

"ಆಫ್ ಮಾಡಲ್ಲ! ಮತ್ತೆ ಸ್ಟಾರ್ಟ್ ಆಗ್ದಿದ್ರೆ ಸಾಯಂಕಾಲದ ಟ್ರಿಪ್ಪು ಶಶಿಕುಮಾರಂದು." ಡೀಸೆಲ್ ಎಂಜಿನ್ನಿನ ಗದ್ದಲದ ಮೇಲೆ ಅವಳು ಕಿರುಚಿದಳು. "ಅವ್ವ ಎಲ್ಲಾ ಹೇಳಿದ್ಲು. ಬ್ಯಾಟ್ರಿ, ಅಟ್ಟಣೆ, ಆಣೆ, ಎಲ್ಲಾ."

ಸಿದ್ದ ಉಸಿರು ಬಿಟ್ಟ. ಹೆಗಲ ಮೇಲಿನ ಮೂಟೆ ಇಳಿಸಿದವನ ಹಾಗೆ ಕಂಡ.

"ನನ್ಗೊಂದ್ ಮಾತು ಹೇಳೋಕ್ ಏನಾಗಿತ್ತು?"

"ಅವ್ವನ ತಲೆ ಮೇಲೆ ಕೈ ಇಟ್ಟಿದ್ದೆ ಕಣ್ರೀ. ಆಣೆ ಮುರ್ದು ಬಾಯಿ ಬಿಟ್ಟು, ಅವ್ವ ಅಟ್ಟಣೆ ಮೇಲಿದ್ದಾಗ ಏನಾದ್ರೂ ಆಗಿದ್ರೆ?"

"ಅವ್ವನ ತಲೆ ಕಾಯೋಕ್ ಹೋಗಿ ನನ್ ತಲೆ ಕೆಡ್ಸಿದ್ರಲ್ಲ, ಅದಕ್ಕೇನ್ ಮಾಡ್ತೀರ? ನನ್ ಗಾಡಿ, ನನ್ ಟ್ರಿಪ್ಪು, ನಮ್ಮವ್ವ. ನನ್ನೊಬ್ಳನ್ನ ಬಿಟ್ಟು ಎಲ್ರಿಗೂ ಎಲ್ಲಾ ಗೊತ್ತು."

ಅಂಗಡಿಯವರು, ಗೂಡ್ಸ್ ಡ್ರೈವರುಗಳು ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು. ಸಿದ್ದ ತಲೆ ತಗ್ಗಿಸಿದ.

"ಅದು ತಪ್ಪು. ಆಣೆ ಹಾಕ್ಬಾರ್ದಿತ್ತು. ಒಪ್ಕೊಳ್ತೀನಿ."

ಅವನು ಅಷ್ಟು ಬೇಗ ಒಪ್ಪಿಕೊಂಡದ್ದೇ ಅವಳಿಗೆ ಕಷ್ಟವಾಯಿತು. ಮುಂದೆ ಆಡಲು ಜಗಳವೇ ಉಳಿಯಲಿಲ್ಲ.

"ಬಿಟ್ಟು ಯಾಕ್ ಬಂದ್ರಿ?"

"ಮುಖ ತೋರಿಸ್ಬೇಡ ಅಂದಿದ್ರಲ್ಲ. ಆಚೆಮೊನ್ನೆ ಸಾಯಂಕಾಲ ಬ್ಯಾಟ್ರಿ ಕೊಡೋಕ್ ಬಂದಾಗ ನೀವು ಬೇಗ ವಾಪಸ್ ಬಂದ್ರಿ. ಬೇಲಿ ಹಿಂದೆ ಬಚ್ಚಿಟ್ಕೊಂಡೆ. ಕಳ್ಳನ ಹಂಗೆ ಎಷ್ಟ್ ದಿನ ಬಚ್ಚಿಟ್ಕೊಳ್ಲಿ? ಅವ್ವನಿಗೆ ತುಂಬಿದ್ ಬ್ಯಾಟ್ರಿ ಕೊಟ್ಟು, ಎರಡ್ ದಿನ ಬರ್ತದೆ, ಅಷ್ಟ್ರಲ್ಲಿ ಮಗಳಿಗೆ ನೀವೇ ಹೇಳ್ಬುಡಿ ಅಂತ ಹೇಳಿ ಬಂದೆ. ಹೇಳಿರ್ತಾರೆ ಅಂದ್ಕೊಂಡಿದ್ದೆ."

"ನಮ್ಮವ್ವ? ಹೇಳ್ತಾಳಾ?"

ಇಬ್ಬರಿಗೂ ನಗು ಬಂತು. ಇಬ್ಬರೂ ತಡೆದುಕೊಂಡರು.

ಸಿದ್ದ ಬಾನೆಟ್ ಎತ್ತಿ ಮೀಟರು ಇಟ್ಟು ನೋಡಿದ. "ಇಷ್ಟು ದೂರ ಓಡ್ಸಿದ್ದೀರ, ಚೆನ್ನಾಗಿ ತುಂಬ್ಕೊಂಡಿದೆ. ಆಫ್ ಮಾಡಿ."

"ಬೇಡ."

"ಮೀಟರ್ ನೋಡಿ ನೀವೇ."

"ಮೀಟರ್ ಮೇಲೆ ನಂಬಿಕೆ ಇಲ್ಲ ನನ್ಗೆ."

"ನನ್ ಮೇಲೆ?"

ಸುಮಿತ್ರಾ ಕೀ ಮೇಲೆ ಕೈ ಇಟ್ಟಳು. ಸಂಜೆ ಎಂಟು ಜನ ಹೆಂಗಸರು ಗೇಟಿನಲ್ಲಿ ಕಾಯುತ್ತಾರೆ. ಇದು ಮತ್ತೆ ಎದ್ದೇಳದಿದ್ದರೆ ಎಲ್ಲ ಮುಗಿಯಿತು. ಇದೇ ಮನುಷ್ಯ ತನ್ನ ಕಣ್ಣ ಮುಂದೆ ಸುಳ್ಳು ಹೇಳಿದವನು. ಇದೇ ಮನುಷ್ಯ ದಿನಾ ಎರಡು ಹೊತ್ತು ಆ ಭಾರ ಹೊತ್ತು ತಂದವನು.

ಕೀ ತಿರುಗಿಸಿ ಹಿಂದಕ್ಕೆ ಎಳೆದಳು.

ಸದ್ದು ನಿಂತಿತು. ಎಲ್ಲಿಲ್ಲದ ನಿಶ್ಶಬ್ದ. ಇಷ್ಟು ಹೊತ್ತು ಕಿರುಚಿದವಳು ಈಗ ಮೆಲ್ಲಗೆ ಮಾತಾಡಬೇಕಿತ್ತು. ಸಿದ್ದ ಕಿಟಕಿಯ ಹತ್ತಿರ ಬಂದು ನಿಂತ.

"ಅವ್ವನಿಗೆ ಬೇರೆ ಬ್ಯಾಟ್ರಿ, ಬಿಸಿಲಿಗೆ ತುಂಬ್ಕೊಳ್ಳೋ ಸೋಲಾರ್ ತಗಡು ಒಂದು ಹಾಕ್ಕೊಡ್ತೀನಿ. ಕಮ್ಮಿ ಕರೆಂಟ್ ಎಳ್ಯೋ ಎಲ್ಇಡಿ ಲೈಟ್ ಕೊಡ್ತೀನಿ ಅಂದ್ರೆ ಬೇಡ ಅಂದ್ರು, ಆನೆ ಕಣ್ಣು ಕುಕ್ಕಬೇಕಂತೆ."

"ಅವ್ವನ್ನ ನಾನು ಒಪ್ಪಿಸ್ತೀನಿ. ರಾಗಿ ಕುಯ್ಯೋಗಂಟ ಅವಳ ಜೊತೆ ಅಟ್ಟಣೆ ಮೇಲೆ ನಾನೂ ಕೂತ್ಕೊತೀನಿ. ಕದ್ದು ಕೂತ್ಕೊಳ್ಳೋದು ಬೇಡ."

"ಸರಿ."

"ನಾಳೆಯಿಂದ ಕೋಟೆ ಅಂಗಡಿಗೆ ಬರ್ಬೇಕು ನೀವು. ಉಸ್ತಾದ್ ಹೇಳಿದ್ದಾರೆ."

"ಉಸ್ತಾದ್ ಹೇಳಿದ್ದಾರಾ?"

"ನಾನೂ ಹೇಳ್ತಾ ಇದ್ದೀನಿ ಅಂತಾನೇ ಇಟ್ಕೊ." 'ನೀವು' ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು, ಕಿವಿ ಕೆಂಪಾಯಿತು.

ಸುಮಿತ್ರಾ ಸ್ಟೇರಿಂಗನ್ನೇ ನೋಡುತ್ತಾ ಹೇಳಿದಳು. "ಅವತ್ತು ಅವ್ವ ನಿನ್ ಕೈ ತಲೆ ಮೇಲೆ ಇಟ್ಕೊಂಡಾಗ... ನಮ್ ಮದ್ವೆ ವಿಷ್ಯ ಅಂದ್ಕೊಂಡಿದ್ದೆ. ನಿನ್ಗೆ ಇಷ್ಟ ಇಲ್ಲ, ಅದಕ್ಕೇ ಮುಖ ತಪ್ಪಿಸ್ತಾ ಇದ್ದೀಯ ಅಂತ..."

ಸಿದ್ದ ಕೈಲಿದ್ದ ಮೀಟರಿನ ವೈರು ಸುತ್ತಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. "ಅವ್ವ ಅದನ್ನ ಕೇಳಿದ್ರೆ ಆಣೆ ಬೇಕಾಗಿರ್ಲಿಲ್ಲ."

ಅವಳ ಕಣ್ಣು ತುಂಬಿತು. ಈ ಸಲ ಕೋಪ ಬರಲಿಲ್ಲ.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?" ಎಂದ.

ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ಒರೆಸಿಕೊಂಡು ಕೀ ಹಿಡಿದಳು. "ಒಂದ್ ಸಲ ಸ್ಟಾರ್ಟ್ ಮಾಡಿ ನೋಡ್ಬಿಡ್ಲಾ? ಆದ್ರೆ ಹಂಗೇ ಹೊರಟ್ಬಿಡ್ತೀನಿ."

"ಈಗ ಬೇಡ ಬುಡು."

"ಯಾಕೆ? ಸ್ಟಾರ್ಟ್ ಆಗಲ್ವಾ?"

"ಆಗ್ತದೆ," ಎಂದ ಸಿದ್ದ, ಕಿಟಕಿಯ ಮೇಲಿದ್ದ ಅವಳ ಕೈ ಮೇಲೆ ಮಸಿ ಕೈ ಇಟ್ಟು. "ಅದಕ್ಕೇ."